ಗೋಡೆಯ ಭಾರ ಇಳಿಸಿದ ಆಲ್ಬರ್ಟ್ ಕಾನ್

ಮಕ್ಕಳೇ, ನೀವು ಬಸ್ ಡಿಪೊ, ಅಕ್ಕಿ ಗಿರಣಿ ಅಥವಾ ದೊಡ್ಡ ಗೋದಾಮಿನ ಒಳಗೆ ಎಂದಾದರೂ ಹೋಗಿದ್ದೀರಾ? ಹೋಗಿದ್ದರೆ ತಲೆ ಎತ್ತಿ ಮೇಲೆ ನೋಡಿದ್ದೀರಾ? ಅಲ್ಲಿ ಉಕ್ಕಿನ ಕಂಬಗಳು, ಅವುಗಳ ಮೇಲೆ ಉಕ್ಕಿನ ತೊಲೆಗಳು, ತೊಲೆಗಳ ನಡುವೆ ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಕಂಬಿಗಳು ಕಾಣುತ್ತವೆ. ಈಗ ಅದರ ಗೋಡೆಯನ್ನು ಗಮನಿಸಿ. ನಮ್ಮ ಹಳೆಯ ಶಾಲೆಗಳ ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಇರುತ್ತದೆ. ಆದರೆ ಈ ಶೆಡ್ಡಿನ ಗೋಡೆ ಬರೀ ತಗಡು. ಕೈಯಿಂದ ತಟ್ಟಿದರೆ ಡಬಡಬ ಎಂದು ಸದ್ದು ಮಾಡುತ್ತದೆ. ಇಷ್ಟು ತೆಳುವಾದ ಗೋಡೆಯ ಮೇಲೆ ಅಷ್ಟು ದೊಡ್ಡ ಛಾವಣಿ ನಿಂತಿರುವುದಾದರೂ ಹೇಗೆ?

ಉತ್ತರ ಸರಳ. ಛಾವಣಿ ಗೋಡೆಯ ಮೇಲೆ ನಿಂತೇ ಇಲ್ಲ! ಅದರ ಭಾರವನ್ನೆಲ್ಲ ಹೊತ್ತಿರುವುದು ಉಕ್ಕಿನ ಚೌಕಟ್ಟು. ನಮ್ಮ ದೇಹದ ಭಾರವನ್ನು ಮೂಳೆಗಳ ಹಂದರ ಹೊರುತ್ತದೆ, ಚರ್ಮ ಮೇಲಿನ ಹೊದಿಕೆ ಮಾತ್ರ. ಇಲ್ಲಿಯೂ ಹಾಗೆಯೇ. ಭಾರ ಹೊರುವ ಕೆಲಸದಿಂದ ಗೋಡೆಗೆ ಬಿಡುಗಡೆ ಸಿಕ್ಕಿದೆ. ಹಾಗೆ ಬಿಡುಗಡೆ ಪಡೆದ ಗೋಡೆಯನ್ನು ಗಾಜಿನ ಕಿಟಕಿಯನ್ನಾಗಿ ಮಾಡಿ, ಲಕ್ಷಾಂತರ ಕೆಲಸಗಾರರು ದುಡಿಯುವ ಕಾರ್ಖಾನೆಗಳಿಗೆ ಬೆಳಕು ತಂದವರಲ್ಲಿ ಮುಖ್ಯರಾದವರು ಆಲ್ಬರ್ಟ್ ಕಾನ್. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ಕಣ್ಣು, ಕಾಲೇಜು ಮೆಟ್ಟಿಲು ಹತ್ತದ ಬಡತನ, ಇವೆರಡನ್ನೂ ಇಟ್ಟುಕೊಂಡೇ ಅವರು ಜಗತ್ತಿನ ಹೆಸರಾಂತ ಕಾರ್ಖಾನೆ ವಾಸ್ತುಶಿಲ್ಪಿಯಾದ ಕಥೆ ಇದು.

ಬಾಲ್ಯ ಮತ್ತು ಬಡತನ

ಆಲ್ಬರ್ಟ್ ಕಾನ್ ಹುಟ್ಟಿದ್ದು 1869ರ ಮಾರ್ಚ್ 21ರಂದು, ಇಂದಿನ ಜರ್ಮನಿಯ ರೌನನ್ ಎಂಬ ಸಣ್ಣ ಊರಿನಲ್ಲಿ. ತಂದೆ ಜೋಸೆಫ್ ಯಹೂದಿ ಧರ್ಮಗುರು. ತಾಯಿ ರೊಸಾಲಿಗೆ ಸಂಗೀತ ಮತ್ತು ಚಿತ್ರಕಲೆಯಲ್ಲಿ ಒಲವು. ಆಲ್ಬರ್ಟನ ಬಾಲ್ಯದ ಕೆಲವು ವರ್ಷಗಳು ನೆರೆಯ ಪುಟ್ಟ ದೇಶವಾದ ಲಕ್ಸೆಂಬರ್ಗಿನಲ್ಲಿ ಕಳೆದವು. ಚಿಕ್ಕಂದಿನಲ್ಲಿಯೇ ಅವನು ಪಿಯಾನೊ ನುಡಿಸುವುದರಲ್ಲಿ ಜಾಣನೆನಿಸಿದ್ದ.

1881ರ ಸುಮಾರಿಗೆ ಕುಟುಂಬ ಬದುಕು ಅರಸಿಕೊಂಡು ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಬಂದಿತು. ಹೊಸ ದೇಶ, ಹೊಸ ಭಾಷೆ, ಸಾಲದ ಸಂಪಾದನೆ. ಹಿರಿಯ ಮಗನಾದ ಆಲ್ಬರ್ಟ್ ಓದುವ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿಯಬೇಕಾಯಿತು. ವಾಸ್ತುಶಿಲ್ಪಿಗಳ ಕಚೇರಿಯೊಂದರಲ್ಲಿ ಹೇಳಿದ ಕೆಲಸ ಮಾಡುವ ಹುಡುಗನಾಗಿ ಸೇರಿಕೊಂಡ.

ಅವನಿಗೆ ಚಿತ್ರ ಬರೆಯುವ ಆಸೆ. ಜೂಲಿಯಸ್ ಮೆಲ್ಚರ್ಸ್ ಎಂಬ ಶಿಲ್ಪಿ ಭಾನುವಾರಗಳಂದು ಚಿತ್ರಕಲೆ ಹೇಳಿಕೊಡುತ್ತಿದ್ದರು. ಹುಡುಗನ ಕೈಚಳಕ ಕಂಡು ಅವರು ಶುಲ್ಕ ತೆಗೆದುಕೊಳ್ಳದೆ ಪಾಠ ಹೇಳಿದರು. ಆದರೆ ಅಲ್ಲಿ ಒಂದು ತೊಂದರೆ ಬೆಳಕಿಗೆ ಬಂತು. ಆಲ್ಬರ್ಟನಿಗೆ ಬಣ್ಣಗುರುಡು ಇತ್ತು! ಅಂದರೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಅವನ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ವರ್ಣಚಿತ್ರಕಾರನಾಗುವ ದಾರಿ ಅಲ್ಲಿಗೆ ಮುಚ್ಚಿಹೋಯಿತು.

ಮೆಲ್ಚರ್ಸ್ ಅವನನ್ನು ಕೈಬಿಡಲಿಲ್ಲ. ಕಟ್ಟಡದ ನಕ್ಷೆಗೆ ಬಣ್ಣ ಮುಖ್ಯವಲ್ಲ. ಅಲ್ಲಿ ಬೇಕಾದದ್ದು ರೇಖೆ, ಅಳತೆ ಮತ್ತು ನಿಖರತೆ. ಅವರ ನೆರವಿನಿಂದ ಸುಮಾರು ಹದಿನೈದನೆಯ ವಯಸ್ಸಿನಲ್ಲಿ ಆಲ್ಬರ್ಟನಿಗೆ ಮೇಸನ್ ಮತ್ತು ರೈಸ್ ಎಂಬ ವಾಸ್ತುಶಿಲ್ಪ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹಗಲು ಕೆಲಸ, ಬಿಡುವಿನಲ್ಲಿ ಪುಸ್ತಕ ಓದು. ಆ ಕಚೇರಿಯೇ ಅವನ ಕಾಲೇಜಾಯಿತು.

1890ರಲ್ಲಿ ವಾಸ್ತುಶಿಲ್ಪದ ಪತ್ರಿಕೆಯೊಂದು ಕೊಡುತ್ತಿದ್ದ 500 ಡಾಲರಿನ ವಿದ್ಯಾರ್ಥಿವೇತನ ಅವನಿಗೆ ದೊರೆಯಿತು. ಆ ಹಣದಲ್ಲಿ ಅವನು ಯೂರೋಪಿನ ಹಳೆಯ ಕಟ್ಟಡಗಳನ್ನು ನೋಡುತ್ತ, ಅವುಗಳ ರೇಖಾಚಿತ್ರ ಬರೆಯುತ್ತ ತಿರುಗಾಡಿದ. ಜೊತೆಗೆ ಸಿಕ್ಕ ಗೆಳೆಯ ಹೆನ್ರಿ ಬೇಕನ್. ಮುಂದೆ ವಾಷಿಂಗ್‌ಟನ್ನಿನ ಲಿಂಕನ್ ಸ್ಮಾರಕವನ್ನು ವಿನ್ಯಾಸ ಮಾಡಿದ್ದು ಇದೇ ಬೇಕನ್. ಹಿಂತಿರುಗಿ ಬಂದ ಮೇಲೆ 1890ರ ದಶಕದ ನಡುವೆ ಆಲ್ಬರ್ಟ್ ಜೊತೆಗಾರರೊಂದಿಗೆ ಸೇರಿ ಸ್ವಂತ ಕಚೇರಿ ತೆರೆದ. ಆಗಿನಿಂದ ನಾವು ಅವರನ್ನು ಕಾನ್ ಅವರು ಎಂದೇ ಕರೆಯೋಣ.

ಕತ್ತಲೆಯ ಕಾರ್ಖಾನೆಗಳು

ಆ ಕಾಲದ ಕಾರ್ಖಾನೆಗಳು ಹೇಗಿದ್ದವು ಗೊತ್ತೆ? ಸುತ್ತಲೂ ದಪ್ಪನೆಯ ಇಟ್ಟಿಗೆ ಗೋಡೆ. ಒಳಗೆ ಮರದ ಕಂಬ, ಮರದ ತೊಲೆ, ಮರದ ನೆಲ. ಒಂದರ ಮೇಲೊಂದು ಮೂರು ನಾಲ್ಕು ಅಂತಸ್ತು. ಮೇಲಿನ ಅಂತಸ್ತುಗಳ ಭಾರವನ್ನೆಲ್ಲ ಗೋಡೆಯೇ ಹೊರಬೇಕು. ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಅದರ ಬಲ ಕುಗ್ಗುತ್ತದೆ. ಆದ್ದರಿಂದ ಕಿಟಕಿಗಳು ಚಿಕ್ಕವು, ಒಳಗೆ ಹಗಲಲ್ಲೂ ಮಬ್ಬು. ಸಾಲುಸಾಲು ಕಂಬಗಳಿಂದಾಗಿ ಯಂತ್ರ ಇಡುವುದಕ್ಕೂ ಜನ ಓಡಾಡುವುದಕ್ಕೂ ಇಕ್ಕಟ್ಟು.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಯಂತ್ರಗಳಿಂದ ಸೋರಿದ ಎಣ್ಣೆಯನ್ನು ಮರದ ನೆಲ ಹೀರಿಕೊಳ್ಳುತ್ತಿತ್ತು. ಒಂದು ಕಿಡಿ ಬಿದ್ದರೆ ಸಾಕು, ನೆಲ, ತೊಲೆ, ಛಾವಣಿ ಎಲ್ಲಕ್ಕೂ ಬೆಂಕಿ ಹಬ್ಬುತ್ತಿತ್ತು. ಮೇಲಿನ ಅಂತಸ್ತಿನಲ್ಲಿದ್ದವರು ತಪ್ಪಿಸಿಕೊಳ್ಳುವುದು ಕಷ್ಟ.

ಈ ಭಯಕ್ಕೆ ಪರಿಹಾರ ಹುಡುಕುವ ಯತ್ನ ಹಿಂದೆಯೇ ಆರಂಭವಾಗಿತ್ತು. 1797ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಬಳಿಯ ನಾರಿನ ಗಿರಣಿಯೊಂದಕ್ಕೆ ಮರದ ಬದಲು ಎರಕದ ಕಬ್ಬಿಣದ ಕಂಬ ಮತ್ತು ತೊಲೆಗಳನ್ನು ಹಾಕಿದ್ದರು. ಆದರೆ ಎರಕದ ಕಬ್ಬಿಣ ಅದುಮುವ ಬಲವನ್ನು ಚೆನ್ನಾಗಿ ತಡೆದರೂ ಎಳೆಯುವ ಬಲಕ್ಕೆ ಸುಲಭವಾಗಿ ಬಿರುಕು ಬಿಡುತ್ತದೆ. ಉಕ್ಕು ಹಾಗಲ್ಲ. ಅದು ಕಬ್ಬಿಣಕ್ಕೆ ಅಲ್ಪ ಪ್ರಮಾಣದ ಇಂಗಾಲ ಸೇರಿರುವ ಮಿಶ್ರಲೋಹ. ಎಳೆತ, ಒತ್ತಡ ಎರಡನ್ನೂ ತಾಳಿಕೊಳ್ಳುತ್ತದೆ. 1856ರಲ್ಲಿ ಹೆನ್ರಿ ಬೆಸ್ಸೆಮರ್ ಕಡಿಮೆ ಖರ್ಚಿನಲ್ಲಿ ಹೆಚ್ಚು ಉಕ್ಕು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಅದಾದ ಮೇಲೆ ಸೇತುವೆಗೂ ಕಟ್ಟಡಕ್ಕೂ ಉಕ್ಕು ಧಾರಾಳವಾಗಿ ದೊರೆಯತೊಡಗಿತು.

ಉಕ್ಕಿನ ಬಲ ಎಷ್ಟೆಂದು ಲೆಕ್ಕ ಹಾಕೋಣ. ಕಟ್ಟಡಗಳಿಗೆ ಬಳಸುವ ಸಾಧಾರಣ ಉಕ್ಕಿನ ಒಂದು ಸರಳು ತೆಗೆದುಕೊಳ್ಳಿ. ಅದನ್ನು ಅಡ್ಡಲಾಗಿ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ 1 ಚದರ ಸೆಂಟಿಮೀಟರ್ ಇರಲಿ. ಇಷ್ಟು ಸಣ್ಣ ಸರಳಿಗೆ ಸುಮಾರು 2,500 ಕಿಲೋಗ್ರಾಂ ಭಾರ ನೇತುಹಾಕಿದರೂ, ಭಾರ ತೆಗೆದ ಮೇಲೆ ಅದು ಮೊದಲಿನ ಉದ್ದಕ್ಕೆ ಮರಳುತ್ತದೆ. ಅಂದರೆ 50 ಕಿಲೋ ತೂಕದ 50 ಅಕ್ಕಿ ಮೂಟೆ! ಎಂಜಿನಿಯರುಗಳು ಸುರಕ್ಷತೆಗಾಗಿ ಇದಕ್ಕಿಂತ ಕಡಿಮೆ ಭಾರವನ್ನೇ ಹೊರಿಸುತ್ತಾರೆ.

ಅಣ್ಣ ತಮ್ಮಂದಿರ ಜೋಡಿ

ಕಾನ್ ಅವರ ತಮ್ಮ ಜೂಲಿಯಸ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ಕಾಂಕ್ರೀಟಿನ ಒಳಗೆ ಉಕ್ಕಿನ ಸರಳುಗಳನ್ನಿಟ್ಟು ಬಲಪಡಿಸುವ ಹೊಸ ವಿಧಾನವೊಂದನ್ನು ಅವರು ರೂಪಿಸಿದರು. ಅಣ್ಣ ಕಟ್ಟಡದ ರೂಪ ನೋಡಿಕೊಂಡರೆ ತಮ್ಮ ಅದರ ಬಲದ ಲೆಕ್ಕ ನೋಡಿಕೊಂಡರು.

ಆಗ ಡೆಟ್ರಾಯಿಟ್ ನಗರದಲ್ಲಿ ಮೋಟಾರು ಕಾರುಗಳ ಉದ್ಯಮ ಕಣ್ಣು ಬಿಡುತ್ತಿತ್ತು. ಪ್ಯಾಕರ್ಡ್ ಕಾರು ಕಂಪನಿಗೆ ಕಾನ್ ಮೊದಲು ಒಂಬತ್ತು ಕಟ್ಟಡಗಳನ್ನು ಹಳೆಯ ಪದ್ಧತಿಯಲ್ಲಿಯೇ ಕಟ್ಟಿಸಿಕೊಟ್ಟರು. 1905ರಲ್ಲಿ ಕಟ್ಟಿದ ಹತ್ತನೆಯದು ಬೇರೆಯಾಗಿತ್ತು. ಅದಕ್ಕೆ ಉಕ್ಕಿನ ಸರಳುಗಳಿದ್ದ ಕಾಂಕ್ರೀಟಿನ ಚೌಕಟ್ಟು. ಮರದ ಕಟ್ಟಡದಂತೆ ಅದು ಉರಿಯುವುದಿಲ್ಲ. ಚೌಕಟ್ಟು ಭಾರ ಹೊತ್ತಿದ್ದರಿಂದ ಗೋಡೆಯಲ್ಲಿ ದೊಡ್ಡ ಕಿಟಕಿಗಳಿಗೆ ಜಾಗ ಸಿಕ್ಕಿತು. ಕಂಬಗಳ ನಡುವಿನ ಅಂತರವೂ ಹೆಚ್ಚಿತು.

ಇದನ್ನು ನೋಡಿ ಹೆನ್ರಿ ಫೋರ್ಡ್ ಅವರು ತಮ್ಮ ಹೊಸ ಕಾರ್ಖಾನೆಯ ಕೆಲಸವನ್ನು ಕಾನ್ ಅವರಿಗೆ ವಹಿಸಿದರು. ಹೈಲೆಂಡ್ ಪಾರ್ಕ್ ಎಂಬಲ್ಲಿ ನಾಲ್ಕು ಅಂತಸ್ತಿನ, ಸುಮಾರು 260 ಮೀಟರ್ ಉದ್ದದ ಕಟ್ಟಡ ಎದ್ದು ನಿಂತು 1910ರಲ್ಲಿ ಕೆಲಸ ಆರಂಭಿಸಿತು. ಗೋಡೆಯ ಬಹುಭಾಗ ಗಾಜೇ ಇದ್ದುದರಿಂದ ಜನ ಅದನ್ನು ಸ್ಫಟಿಕದ ಅರಮನೆ ಎಂದು ಕರೆದರು. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಅಂದರೆ ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಮುಂದೆ ಸಾಗಿಬರುತ್ತದೆ. ಇದರಿಂದಾಗಿ ಒಂದು ಕಾರಿನ ಅಡಿಚೌಕಟ್ಟನ್ನು ಜೋಡಿಸುವ ಸಮಯ 12 ಗಂಟೆಗೂ ಹೆಚ್ಚು ಇದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಟ್ಟಡ ಬೆಳಕು ಕೊಟ್ಟಿತು ನಿಜ. ಆದರೆ ಯಂತ್ರದ ವೇಗಕ್ಕೆ ಸರಿಯಾಗಿ, ದಿನವಿಡೀ ಒಂದೇ ಕೆಲಸ ಮಾಡುವುದು ಕೆಲಸಗಾರರಿಗೆ ಬೇಸರ ಮತ್ತು ಆಯಾಸ ತರುತ್ತಿತ್ತು. ಎಷ್ಟೋ ಜನ ಕೆಲಸ ಬಿಟ್ಟು ಹೋದರು. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳ ಘೋಷಿಸಲು ಇದೂ ಒಂದು ಕಾರಣ. ಒಳ್ಳೆಯ ಕಟ್ಟಡ ಗಾಳಿ ಬೆಳಕು ಕೊಡಬಲ್ಲದು. ಬಿಡುವು ಮತ್ತು ನ್ಯಾಯವಾದ ಸಂಬಳ ಕೊಡಬೇಕಾದವರು ಅದನ್ನು ನಡೆಸುವ ಮನುಷ್ಯರು.

ಉಕ್ಕಿನ ಕಡೆಗೆ ಹೆಜ್ಜೆ

ಹೈಲೆಂಡ್ ಪಾರ್ಕಿನಲ್ಲಿ ಹೊಸ ತೊಂದರೆಗಳು ಕಂಡವು. ಭಾರವಾದ ಸಾಮಾನುಗಳನ್ನು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಏರಿಸಿ ಇಳಿಸಬೇಕಿತ್ತು. ಇನ್ನೂ ಅಗಲವಾದ ಜಾಗ ಬೇಕಿತ್ತು. ಕಾರಿನ ಬೇಡಿಕೆ ಬೆಳೆದಂತೆಲ್ಲ ಕಟ್ಟಡವನ್ನೂ ಬೆಳೆಸಬೇಕಿತ್ತು. ಆದರೆ ಕಾಂಕ್ರೀಟು ಗಟ್ಟಿಯಾಗಲು ದಿನಗಟ್ಟಲೆ ಕಾಯಬೇಕು. ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಬಿಚ್ಚಿ ಬದಲಾಯಿಸುವಂತಿಲ್ಲ.

ಹಾಗಾದರೆ ನೆಲದ ಮೇಲೆಯೇ, ಒಂದೇ ಅಂತಸ್ತಿನಲ್ಲಿ, ಬೇಕಾದಷ್ಟು ಉದ್ದಕ್ಕೆ ಕಟ್ಟಿದರೆ ಹೇಗೆ? ಇದಕ್ಕೆ ಉಕ್ಕಿನ ಚೌಕಟ್ಟು ಹೇಳಿ ಮಾಡಿಸಿದಂತಿತ್ತು. ಕಂಬ, ತೊಲೆಗಳನ್ನು ಬೇರೆಡೆ ಅಳತೆಗೆ ಸರಿಯಾಗಿ ಕತ್ತರಿಸಿ, ತೂತು ಕೊರೆದು ತರಬಹುದು. ಅದೇ ವೇಳೆಗೆ ಕಟ್ಟಡದ ಜಾಗದಲ್ಲಿ ಪಾಯ ಸಿದ್ಧವಾಗುತ್ತಿರುತ್ತದೆ. ಆಮೇಲೆ ಕ್ರೇನಿನಿಂದ ಎತ್ತಿ ಜೋಡಿಸುವುದಷ್ಟೆ. ಎರಡು ಕೆಲಸ ಒಟ್ಟೊಟ್ಟಿಗೆ ನಡೆಯುವುದರಿಂದ ಸಮಯ ಉಳಿಯುತ್ತದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ರೂಜ್ ನದಿಯ ದಂಡೆಯಲ್ಲಿ ಫೋರ್ಡ್ ಕಂಪನಿಗಾಗಿ ಕಾನ್ ಇಂಥ ಕಟ್ಟಡವೊಂದನ್ನು ರೂಪಿಸಿದರು. ಅದರ ಹೆಸರು ಬಿ ಕಟ್ಟಡ. ಜಲಾಂತರ್ಗಾಮಿಗಳನ್ನು ಬೆನ್ನಟ್ಟುವ ಈಗಲ್ ಎಂಬ ದೋಣಿಗಳನ್ನು ಅಲ್ಲಿ ತಯಾರಿಸಬೇಕಿತ್ತು. ಅರ್ಧ ಕಿಲೋಮೀಟರಿಗೂ ಉದ್ದವಾದ ಆ ಉಕ್ಕಿನ ಕಟ್ಟಡ ಕೆಲವೇ ತಿಂಗಳುಗಳಲ್ಲಿ ನಿಂತಿತು. 1918ರ ಜುಲೈನಲ್ಲಿ ಮೊದಲ ದೋಣಿ ನೀರಿಗಿಳಿಯಿತು.

ಯುದ್ಧ ಮುಗಿಯಿತು, ದೋಣಿಯ ಕೆಲಸವೂ ನಿಂತಿತು. ಕಟ್ಟಡವನ್ನು ಕೆಡವಿದರೆ? ಇಲ್ಲ! ಒಳಗಿನ ಯಂತ್ರಗಳನ್ನು ಬದಲಾಯಿಸಿ ಅಲ್ಲಿ ಟ್ರಾಕ್ಟರ್ ತಯಾರಿಸಿದರು. 1927ರಿಂದ ಮಾಡೆಲ್ ಎ ಕಾರು, 1964ರಿಂದ ಮಸ್ಟಾಂಗ್ ಕಾರು ಅಲ್ಲಿಂದ ಹೊರಬಂದವು. 2004ರವರೆಗೆ ಅಲ್ಲಿ ಕಾರುಗಳ ಜೋಡಣೆ ನಡೆಯಿತು. ದೋಣಿಗೆಂದು ಕಟ್ಟಿದ ಮನೆ ಎಂಬತ್ತಕ್ಕೂ ಹೆಚ್ಚು ವರ್ಷ ಬೇರೆ ಬೇರೆ ಕೆಲಸಕ್ಕೆ ಒದಗಿತು. ಒಳಗೆ ಅಡ್ಡಗೋಡೆಗಳ ಅಗತ್ಯವಿಲ್ಲದ ಉಕ್ಕಿನ ಚೌಕಟ್ಟಿನ ದೊಡ್ಡ ಗುಣ ಇದು.

ಬಿಸಿಗಾಳಿಗೆ ಬಾಗಿಲು

ಒಂದೇ ಅಂತಸ್ತಿನ ಬಹಳ ಅಗಲದ ಕಟ್ಟಡದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಪಕ್ಕದ ಕಿಟಕಿಯ ಬೆಳಕು ನಡುಭಾಗಕ್ಕೆ ತಲುಪುವುದಿಲ್ಲ. ಕುಲುಮೆಗಳಿದ್ದರೆ ಸೆಕೆ ಬೇರೆ. ಕಾನ್ ಇದಕ್ಕೆ ಛಾವಣಿಯಲ್ಲಿಯೇ ಉಪಾಯ ಹುಡುಕಿದರು. ಛಾವಣಿಯ ಕೆಲವು ಭಾಗಗಳನ್ನು ಎತ್ತರಿಸಿ, ಎತ್ತರಿಸಿದ ಪಕ್ಕಗಳಿಗೆ ತೆರೆದು ಮುಚ್ಚಬಲ್ಲ ಗಾಜಿನ ಕಿಟಕಿಗಳನ್ನಿಟ್ಟರು. ಹಳ್ಳಿಯ ಅಡುಗೆಮನೆಯಲ್ಲಿ ಹೊಗೆ ಹೋಗಲು ಮಾಡಿನಲ್ಲಿ ಬೆಳಕಿಂಡಿ ಬಿಡುತ್ತಾರಲ್ಲ, ಅದೇ ತತ್ವ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಮೇಲಿನ ಕಿಟಕಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಟಕಿಗಳಿಂದ ತಂಪು ಗಾಳಿ ಒಳಬರುತ್ತದೆ. ಫ್ಯಾನು ಇಲ್ಲದೆಯೇ ಗಾಳಿಯಾಟ! ಜೊತೆಗೆ ಮೇಲಿನಿಂದ ಹಗಲ ಬೆಳಕು. 1923ರ ವೇಳೆಗೆ ರೂಜ್‌ನಲ್ಲಿ ಅವರು ಕಟ್ಟಿಸಿದ ಗಾಜಿನ ಕಾರ್ಖಾನೆ ಇದಕ್ಕೆ ಹೆಸರುವಾಸಿ.

ಉಕ್ಕು ಬಿಸಿಗೆ ಹಿಗ್ಗುತ್ತದೆ ಎಂದು ನೀವು ಓದಿದ್ದೀರಿ. ಕಟ್ಟಡಕ್ಕೂ ಈ ನಿಯಮ ಅನ್ವಯಿಸುತ್ತದೆ. 500 ಮೀಟರ್ ಉದ್ದದ ಉಕ್ಕಿನ ತೊಲೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 12 ಸೆಂಟಿಮೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಚೌಕಟ್ಟು ಸೊಟ್ಟಗಾದೀತು. ಆದ್ದರಿಂದ ಉದ್ದನೆಯ ಕಟ್ಟಡಗಳಲ್ಲಿ ಅಲ್ಲಲ್ಲಿ ಸಂದು ಬಿಟ್ಟಿರುತ್ತಾರೆ.

ಸಾಗರ ದಾಟಿದ ಕಾರ್ಖಾನೆ

1929ರಲ್ಲಿ ಕಾನ್ ಅವರಿಗೆ ದೂರದ ಸೋವಿಯತ್ ಒಕ್ಕೂಟದಿಂದ ಕರೆ ಬಂತು. ವೋಲ್ಗಾ ನದಿಯ ದಂಡೆಯ ಸ್ಟಾಲಿನ್‌ಗ್ರಾಡ್ ನಗರದಲ್ಲಿ ಟ್ರಾಕ್ಟರ್ ಕಾರ್ಖಾನೆ ಕಟ್ಟಬೇಕಿತ್ತು. ಕಾನ್ ಅವರ ಕಚೇರಿ ನಕ್ಷೆ ಸಿದ್ಧಪಡಿಸಿತು. ಉಕ್ಕಿನ ಕಂಬ, ತೊಲೆಗಳನ್ನು ಅಮೆರಿಕದಲ್ಲಿ ತಯಾರಿಸಿ ಹಡಗಿನಲ್ಲಿ ಕಳುಹಿಸಿದರು. ಅಲ್ಲಿ ಅವುಗಳನ್ನು ಜೋಡಿಸಿ ಕಾರ್ಖಾನೆ ನಿಲ್ಲಿಸಿದರು. 1930ರ ಜೂನ್ 17ರಂದು ಮೊದಲ ಟ್ರಾಕ್ಟರ್ ಹೊರಬಂತು. ಕಲ್ಲಿನ ಕಟ್ಟಡವನ್ನು ಹೀಗೆ ಹಡಗಿನಲ್ಲಿ ಕಳುಹಿಸಲು ಸಾಧ್ಯವೇ, ನೀವೇ ಯೋಚಿಸಿ.

ಮುಂದೆ ಮಾಸ್ಕೋ ನಗರದಲ್ಲಿ ಕಾನ್ ಅವರ ಸಂಸ್ಥೆಯ ಶಾಖೆ ತೆರೆಯಿತು. ಇನ್ನೊಬ್ಬ ತಮ್ಮ ಮೋರಿಟ್ಸ್ ಅದನ್ನು ನೋಡಿಕೊಂಡರು. 1932ರವರೆಗೆ ಅಲ್ಲಿ 500ಕ್ಕೂ ಹೆಚ್ಚು ಕಾರ್ಖಾನೆಗಳ ವಿನ್ಯಾಸ ನಡೆಯಿತು. ಸುಮಾರು 4,000 ಸೋವಿಯತ್ ಎಂಜಿನಿಯರುಗಳು ಮತ್ತು ತಂತ್ರಜ್ಞರು ತರಬೇತಿ ಪಡೆದರು.

ಇಷ್ಟು ಕೆಲಸ ಹೇಗೆ ಸಾಧ್ಯವಾಯಿತು? ಕಾನ್ ಅವರ ಕಚೇರಿಯಲ್ಲಿ ವಾಸ್ತುಶಿಲ್ಪಿಗಳು, ಉಕ್ಕಿನ ಚೌಕಟ್ಟಿನ ಎಂಜಿನಿಯರುಗಳು, ವಿದ್ಯುತ್ತಿನವರು, ನೀರಿನ ಕೊಳವೆಯವರು ಎಲ್ಲರೂ ಒಂದೇ ಸೂರಿನಡಿ ಕುಳಿತು ಒಟ್ಟಿಗೆ ನಕ್ಷೆ ಬರೆಯುತ್ತಿದ್ದರು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಪ್ರಮೇಯವಿರಲಿಲ್ಲ. ಕಾರ್ಖಾನೆಯ ಜೋಡಣಾ ಸಾಲಿನ ಶಿಸ್ತು ಅವರ ಕಚೇರಿಯಲ್ಲಿಯೂ ಇತ್ತು.

ಕಂಬವಿಲ್ಲದ ಅಂಗಳ

ಕಾರಿಗಿಂತ ವಿಮಾನಕ್ಕೆ ಹೆಚ್ಚು ಜಾಗ ಬೇಕು. ವಿಮಾನದ ರೆಕ್ಕೆ ಅಗಲವಾದದ್ದು, ನಡುವೆ ಕಂಬವಿದ್ದರೆ ತಾಗುತ್ತದೆ. 1937ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಬಳಿ ಗ್ಲೆನ್ ಮಾರ್ಟಿನ್ ವಿಮಾನ ಕಂಪನಿಗೆ ಕಾನ್ 300 ಅಡಿ ಅಗಲ, 450 ಅಡಿ ಉದ್ದದ ಕಟ್ಟಡ ರೂಪಿಸಿದರು. ಅಷ್ಟು ದೊಡ್ಡ ಅಂಗಳದ ನಡುವೆ ಒಂದೇ ಒಂದು ಕಂಬವಿಲ್ಲ! ಸುಮಾರು 91 ಮೀಟರ್ ಅಂತರವನ್ನು ದಾಟಲು ಅವರು ಸೇತುವೆಗಳಲ್ಲಿ ಬಳಸುವಂಥ ದೈತ್ಯ ಟ್ರಸ್‌ಗಳನ್ನು ಛಾವಣಿಗೆ ಹಾಕಿದರು.

ಟ್ರಸ್ ಎಂದರೆ ಕಂಬಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ತೊಲೆ. ತ್ರಿಕೋನವೇ ಏಕೆ? ನಾಲ್ಕು ಕಡ್ಡಿಗಳ ಚೌಕವನ್ನು ಒಂದು ಮೂಲೆಯಿಂದ ತಳ್ಳಿದರೆ ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಕೋನ ಬದಲಾಗುವಂತಿಲ್ಲ. ಗಣಿತದ ಈ ಸಣ್ಣ ಸತ್ಯದ ಮೇಲೆ ಅಷ್ಟು ದೊಡ್ಡ ಛಾವಣಿ ನಿಂತಿತು.

ಯುದ್ಧ ಮತ್ತು ಕೊನೆಯ ದಿನಗಳು

ಎರಡನೆಯ ಮಹಾಯುದ್ಧ ಬಂದಾಗ ಕಾನ್ ಅವರಿಗೆ ಎಪ್ಪತ್ತು ದಾಟಿತ್ತು. ಬೇಗ ಬೇಗ ಕಾರ್ಖಾನೆ ಕಟ್ಟಬೇಕೆಂಬ ಒತ್ತಾಯ ಹೆಚ್ಚಿತು. 1940ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್ ಬಳಿ ಟ್ಯಾಂಕ್ ಕಾರ್ಖಾನೆಯ ಕೆಲಸ ಶುರುವಾಯಿತು. ಹಿಮ ಬೀಳುವ ಚಳಿಗಾಲದಲ್ಲಿಯೂ ಉಕ್ಕಿನ ಜೋಡಣೆ ನಿಲ್ಲಲಿಲ್ಲ. 1941ರ ಏಪ್ರಿಲಿನಲ್ಲಿಯೇ ಮೊದಲ ಟ್ಯಾಂಕ್ ಹೊರಬಂತು. ಅದಾದ ಮೇಲೆ ವಿಲ್ಲೊ ರನ್ ಎಂಬಲ್ಲಿ ಬಿ-24 ಲಿಬರೇಟರ್ ಬಾಂಬರ್ ವಿಮಾನಗಳಿಗಾಗಿ ಮಹಾ ಕಾರ್ಖಾನೆ ಬಂತು. ಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿ 8,600ಕ್ಕೂ ಹೆಚ್ಚು ವಿಮಾನಗಳು ತಯಾರಾದವು. 1944ರಲ್ಲಿ ಗಂಟೆಗೊಂದು ವಿಮಾನ ಹೊರಬರುವಷ್ಟು ವೇಗ ಬಂದಿತ್ತು.

ಈ ಜಾತಿಯ ವಿಮಾನಗಳಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಗೆ ತಂದು ದುರಸ್ತಿ ಮಾಡಿದರು. ಅವು ಭಾರತೀಯ ವಾಯುಪಡೆಯಲ್ಲಿ ಬಹಳ ವರ್ಷ ಸೇವೆ ಸಲ್ಲಿಸಿದವು.

ಇತ್ತ 1942ರ ಅಕ್ಟೋಬರಿನಲ್ಲಿ ಸ್ಟಾಲಿನ್‌ಗ್ರಾಡಿನ ಟ್ರಾಕ್ಟರ್ ಕಾರ್ಖಾನೆ ರಣರಂಗವಾಯಿತು. ಹೊಲ ಉಳುವ ಟ್ರಾಕ್ಟರಿಗೆಂದು ಕಟ್ಟಿದ ಕಾರ್ಖಾನೆ ಅಷ್ಟರಲ್ಲಾಗಲೇ ಟ್ಯಾಂಕ್ ತಯಾರಿಸುತ್ತಿತ್ತು. ಈಗ ಅದರ ಒಳಗೇ ಕಾದಾಟ ನಡೆದು ಕಟ್ಟಡಗಳು ನುಚ್ಚುನೂರಾದವು. ಆ ಕದನ ಇನ್ನೂ ಮುಗಿಯದಿರುವಾಗಲೇ, 1942ರ ಡಿಸೆಂಬರ್ 8ರಂದು, ಕಾನ್ ಡೆಟ್ರಾಯಿಟಿನಲ್ಲಿ ತೀರಿಕೊಂಡರು. ತಾವು ಕಟ್ಟಿಸಿದ ಆ ಕಾರ್ಖಾನೆ ಮತ್ತೆ ಟ್ರಾಕ್ಟರ್ ತಯಾರಿಸಿದ್ದನ್ನು ನೋಡಲು ಅವರು ಉಳಿಯಲಿಲ್ಲ. ಚೌಕಟ್ಟು ಕಟ್ಟುವುದು ವಿಜ್ಞಾನ. ಅದರೊಳಗೆ ನೇಗಿಲು ಮಾಡಬೇಕೋ ಟ್ಯಾಂಕ್ ಮಾಡಬೇಕೋ ಎಂಬುದನ್ನು ನಿರ್ಧರಿಸುವವರು ಮನುಷ್ಯರು.

ಉಕ್ಕಿನ ಗುಣ, ಉಕ್ಕಿನ ದೋಷ

ಇಂದು ಗೋದಾಮು, ಗಿರಣಿ, ವಿಮಾನದ ಹ್ಯಾಂಗರ್, ಶೈತ್ಯಾಗಾರ, ರೈಲು ದುರಸ್ತಿ ಶೆಡ್ಡು ಮುಂತಾದವುಗಳಲ್ಲಿ ಉಕ್ಕಿನ ಚೌಕಟ್ಟು ಸಾಮಾನ್ಯ. ಅದರ ಅನುಕೂಲಗಳನ್ನು ಕಾನ್ ಅವರ ಬದುಕಿನಲ್ಲಿಯೇ ಕಂಡೆವು. ಬೇಗ ಕಟ್ಟಬಹುದು. ನಡುವೆ ಕಂಬವಿಲ್ಲದ ವಿಶಾಲ ಜಾಗ ಸಿಗುತ್ತದೆ. ಗಾಳಿ ಬೆಳಕಿಗೆ ಅವಕಾಶ ಹೆಚ್ಚು. ಉದ್ದಕ್ಕೆ ಬೆಳೆಸಬಹುದು, ಬೋಲ್ಟಿನಿಂದ ಜೋಡಿಸಿದ್ದರೆ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಹಳೆಯದಾದಾಗ ಕರಗಿಸಿ ಮತ್ತೆ ಹೊಸ ಉಕ್ಕು ಮಾಡಬಹುದು.

ಹಾಗೆಂದು ಉಕ್ಕಿಗೆ ದೋಷವೇ ಇಲ್ಲವೆಂದಲ್ಲ. ನೀರು ಮತ್ತು ಆಮ್ಲಜನಕ ತಾಗಿದರೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಬಣ್ಣ ಬಳಿಯುತ್ತಾರೆ ಅಥವಾ ಸತುವಿನ ಲೇಪನ ಕೊಡುತ್ತಾರೆ. ಉಕ್ಕು ಮರದಂತೆ ಉರಿಯುವುದಿಲ್ಲ ನಿಜ. ಆದರೆ ಒಳಗಿರುವ ಸಾಮಾನಿಗೆ ಬೆಂಕಿ ಬಿದ್ದು ಉಕ್ಕಿನ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಬಲ ಅರ್ಧಕ್ಕಿಂತ ಕಡಿಮೆಯಾಗಿ ತೊಲೆಗಳು ಬಾಗಬಹುದು. ಆದ್ದರಿಂದ ಉಕ್ಕಿನ ಕಟ್ಟಡದಲ್ಲಿಯೂ ಬೆಂಕಿ ನಂದಿಸುವ ಸಾಧನ, ತಡೆಯಿಲ್ಲದ ಹೊರದಾರಿ ಇರಲೇಬೇಕು. ತಗಡಿನ ಛಾವಣಿ ಬೇಸಿಗೆಯಲ್ಲಿ ಕಾಯುತ್ತದೆ. ಅದಕ್ಕೆ ಶಾಖ ತಡೆಯುವ ಪದರ ಮತ್ತು ಗಾಳಿಕಿಂಡಿ ಬೇಕು.

ಮಾಡಿ ನೋಡಿ

1. ಒಂದೇ ಅಳತೆಯ ಏಳು ಬಿದಿರಿನ ಕಡ್ಡಿಗಳನ್ನು ತೆಗೆದುಕೊಳ್ಳಿ. ನಾಲ್ಕನ್ನು ದಾರದಿಂದ ಕಟ್ಟಿ ಚೌಕ ಮಾಡಿ. ಮೂರನ್ನು ಕಟ್ಟಿ ತ್ರಿಕೋನ ಮಾಡಿ. ಎರಡನ್ನೂ ನಿಲ್ಲಿಸಿ ಪಕ್ಕದಿಂದ ಮೆಲ್ಲಗೆ ತಳ್ಳಿ. ಯಾವುದು ವಾಲಿತು? ಈಗ ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಉದ್ದದ ಕಡ್ಡಿ ಕಟ್ಟಿ ಮತ್ತೆ ತಳ್ಳಿ. ಏನಾಯಿತು?

2. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಇಡಿ. ಅದರ ಮೇಲೆ ಒಂದು ನಾಣ್ಯ ಇಟ್ಟರೆ ಹಾಳೆ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ ಇಡಿ. ಮಡಿಕೆಗಳು ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕದ ಕಡೆಗೆ ಓಡುವಂತಿರಲಿ. ಈಗ ಎಷ್ಟು ನಾಣ್ಯ ತಡೆಯಿತು, ಎಣಿಸಿ. ತಗಡಿನ ಶೀಟುಗಳಿಗೆ ಅಲೆ ಅಲೆಯಾದ ಮಡಿಕೆ ಏಕಿರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿ ಸಿಗುತ್ತದೆ.

3. ಶಿಕ್ಷಕರ ಜೊತೆಯಲ್ಲಿ ಊರಿನ ಯಾವುದಾದರೂ ಉಕ್ಕಿನ ಶೆಡ್ಡಿಗೆ ಹೋಗಿ. ಅದರಲ್ಲಿ ಕಾಣುವ ತ್ರಿಕೋನಗಳನ್ನು ಎಣಿಸಿ. ಬೆಳಕು ಎಲ್ಲಿಂದ ಬರುತ್ತದೆ? ಬಿಸಿಗಾಳಿ ಎಲ್ಲಿಂದ ಹೋಗುತ್ತದೆ? ಬೆಂಕಿ ಬಿದ್ದರೆ ಹೊರಗೆ ಓಡಲು ಎಷ್ಟು ಬಾಗಿಲುಗಳಿವೆ? ಬರೆದುಕೊಂಡು ಬಂದು ತರಗತಿಯಲ್ಲಿ ಚರ್ಚಿಸಿ.

ಬಣ್ಣ ಕಾಣದ ಹುಡುಗನೊಬ್ಬ ರೇಖೆಗಳನ್ನು ನೆಚ್ಚಿ ಬೆಳೆದ. ಅವನ ರೇಖೆಗಳು ಉಕ್ಕಿನ ತೊಲೆಗಳಾದವು, ಗೋಡೆಗಳು ಕಿಟಕಿಗಳಾದವು. ಇನ್ನು ಮುಂದೆ ತಗಡಿನ ಶೆಡ್ಡಿನೊಳಗೆ ಕಾಲಿಟ್ಟಾಗ ಒಮ್ಮೆ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ.